ಬಾಲ ಇರುವ ಇಲಿಯೇ ವಾಸಿ ಸ್ವಾಮೀ!

‘ಇನ್ನೂ ವೈರ್ ಇರೋ ಕೀಬೋರ್ಡಾ?’

ಈ ಪ್ರಶ್ನೆ ಕೇಳಿ ಕೇಳಿ ನನಗಂತೂ ಸಾಕಾಗಿದೆ ಮಾರಾಯ್ರೆ. ಕೇಳುವವರ ಮುಖ ನೋಡಬೇಕು ನೀವು. ನಾನೇನೋ ಎತ್ತಿನ ಗಾಡೀಲಿ ಆಫೀಸಿಗೆ ಹೋಗ್ತೀನಿ ಅಂದ ಹಾಗೆ ಕನಿಕರ! ಹೋಗಲಿ, ಹೊರಗಿನವರು ಕೇಳಿದರೆ ನಕ್ಕು ಸುಮ್ಮನಾಗಬಹುದು. ಆದರೆ ಕನ್ನಡದಲ್ಲಿ ಬ್ಲಾಗಿಸುವ ನಮ್ಮ ಗೆಳೆಯರೇ, ಹೊಸದಾಗಿ ಕಂಪ್ಯೂಟರ್ ಕೊಳ್ಳುವವರಿಗೆ ‘ವೈರ್‌ಲೆಸ್ ಕಾಂಬೋ ತಗೊಂಡುಬಿಡಿ, ಟೇಬಲ್ ನೀಟಾಗಿ ಕಾಣುತ್ತೆ’ ಅಂತ ಧಾರಾಳವಾಗಿ ಸಲಹೆ ಕೊಡುತ್ತಿದ್ದಾರಲ್ಲ, ಅದನ್ನು ನೋಡಿ ಸುಮ್ಮನಿರೋಕೆ ಆಗಲಿಲ್ಲ. ಅದಕ್ಕೇ ಈ ಜಗಳದ ಪೋಸ್ಟು.

ಸುತ್ತಿ ಬಳಸಿ ಹೇಳುವುದಿಲ್ಲ. ನನ್ನ ವಾದ ಮೂರೇ ಸಾಲು. ಮೇಜು ಬಿಟ್ಟು ಕದಲದ ಕಂಪ್ಯೂಟರಿಗೆ ವೈರ್‌ಲೆಸ್ ಕೀಬೋರ್ಡು, ಮೌಸು ಬೇಕಾಗಿಲ್ಲ. ಅದರಲ್ಲೂ ಕನ್ನಡ ಟೈಪಿಸುವವರಿಗೆ ಬೇಡ. ಇನ್ನು ಬೇರೆಯವರ ಹೆಸರು, ಖಾತೆ ನಂಬರು, ಆಧಾರ್ ನಂಬರು ಟೈಪಿಸುವ ಜಾಗದಲ್ಲಂತೂ ಬೇಡವೇ ಬೇಡ.

ನೀಟಾಗಿ ಕಾಣುವುದು ಅಂದರೇನು ಅಂತ ನಾನು ಯೋಚಿಸಿದ್ದುಂಟು. ಮಾನಿಟರಿನ ವೈರು ಅಲ್ಲೇ ಇರುತ್ತೆ. ಸಿಪಿಯು ಡಬ್ಬದ ವೈರು ಅಲ್ಲೇ ಇರುತ್ತೆ. ಯುಪಿಎಸ್ಸಿನದು, ಪ್ರಿಂಟರಿನದು, ಸ್ಪೀಕರಿನದು, ಮೋಡೆಮ್ಮಿನದು, ಜೊತೆಗೆ ಮೊಬೈಲ್ ಚಾರ್ಜರ್ರು ಬೇರೆ. ಒಂಬತ್ತು ವೈರುಗಳಲ್ಲಿ ಎರಡನ್ನು ಕಿತ್ತು ಹಾಕಿ ‘ಅಬ್ಬ, ಎಷ್ಟು ನೀಟು!’ ಅನ್ನುವುದು, ಮನೆ ತುಂಬ ಕಸ ಬಿಟ್ಟು ಬಾಗಿಲ ಮುಂದೆ ಮಾತ್ರ ರಂಗೋಲಿ ಹಾಕಿದ ಹಾಗೆ. ರಂಗೋಲಿ ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ಅದಕ್ಕೆ ನಾವು ಕೊಡುತ್ತಿರುವ ಬೆಲೆ ಏನು ಅಂತ ಲೆಕ್ಕ ಹಾಕಿದ್ದೀರಾ?

ಒಂದು ಸಣ್ಣ ಇತಿಹಾಸ. ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಸೇರಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್ಸ್‌ಟಿಟ್ಯೂಟಿನಲ್ಲಿ 1964ರಲ್ಲಿ ಮೊದಲ ಮೌಸು ಮಾಡಿದಾಗ ಅದೊಂದು ಮರದ ಡಬ್ಬ. ಕೆಳಗೆ ಎರಡು ಚಕ್ರ, ಮೇಲೊಂದು ಗುಂಡಿ, ಒಂದು ವೈರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಜನರ ಮುಂದೆ ಆಡಿಸಿ ತೋರಿಸಿದರು. ಅದಕ್ಕೆ ‘ಇಲಿ’ ಅನ್ನುವ ಹೆಸರು ಅಂಟಿಕೊಂಡದ್ದೇ ಬಾಲದಂತಿದ್ದ ಆ ವೈರಿನಿಂದ. ಅಂದರೆ ಹೆಸರು ತಂದುಕೊಟ್ಟ ಬಾಲವನ್ನೇ ಕತ್ತರಿಸಿ ಈಗ ನಾವು ‘ಪ್ರಗತಿ’ ಅಂತ ಕರೆಯುತ್ತಿದ್ದೇವೆ. ಹಳೆಯದು ಅನ್ನುವ ಕಾರಣಕ್ಕೆ ವೈರು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹೊಸದು ಅನ್ನುವ ಕಾರಣಕ್ಕೆ ವೈರ್‌ಲೆಸ್ ಒಳ್ಳೆಯದು ಅಂತ ನೀವೂ ಹೇಳಬೇಡಿ. ಎರಡನ್ನೂ ಕೆಲಸಕ್ಕೆ ಹಚ್ಚಿ ನೋಡೋಣ.

ಮೊದಲು ನಮ್ಮ ಕೆಲಸ ಏನು? ಕನ್ನಡ ಟೈಪಿಸೋದು. ಅಲ್ಲಿಂದಲೇ ಶುರು ಮಾಡ್ತೀನಿ.

ವೈರ್‌ಲೆಸ್ ಕೀಬೋರ್ಡು ಸೆಲ್ಲಿನ ಮೇಲೆ ಬದುಕುವ ಪ್ರಾಣಿ. ಸೆಲ್ಲು ಬೇಗ ಮುಗಿಯಬಾರದು ಅಂತ ಸ್ವಲ್ಪ ಹೊತ್ತು ನೀವು ಕೈ ಆಡಿಸದಿದ್ದರೆ ಅದು ನಿದ್ದೆಗೆ ಜಾರುತ್ತದೆ. ಮತ್ತೆ ಗುಂಡಿ ಒತ್ತಿದಾಗ ಎದ್ದು, ಡಾಂಗಲ್ ಜೊತೆ ಮಾತಾಡಿ, ಆಮೇಲೆ ಕೆಲಸಕ್ಕೆ ಇಳಿಯುತ್ತದೆ. ಒಳ್ಳೆಯ ಕೀಬೋರ್ಡುಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ನಮ್ಮಲ್ಲಿ ಹೆಚ್ಚು ಜನ ಕೊಳ್ಳುವುದು ಅಗ್ಗದ ಕಾಂಬೋ. ಅವುಗಳಲ್ಲಿ ಎಷ್ಟೋ ಸಲ, ಎಬ್ಬಿಸಿದ ಆ ಮೊದಲ ಅಕ್ಷರ ಗಾಳಿಯಲ್ಲೇ ಹೋಗಿಬಿಡುತ್ತದೆ.

ಇಂಗ್ಲಿಷಿನವರಿಗೆ ಇದು ದೊಡ್ಡ ವಿಷಯವಲ್ಲ. ಮೊದಲ ಅಕ್ಷರ ಹೋದರೆ ಹೆಚ್ಚಿನ ಪದಗಳು ಪದವೇ ಅಲ್ಲದ ಹಾಗೆ ಆಗುತ್ತವೆ, ಕೆಳಗೆ ಕೆಂಪು ಗೆರೆ ಬರುತ್ತದೆ. ಕನ್ನಡದಲ್ಲಿ? ನಮ್ಮಲ್ಲಿ ‘ಇಲ್ಲ’ ಅನ್ನುವ ಅರ್ಥವನ್ನೆಲ್ಲ ಹೊತ್ತುಕೊಂಡಿರುವುದು ಎಷ್ಟೋ ಕಡೆ ಪದದ ಮೊದಲಿರುವ ಒಂದೇ ಒಂದು ‘ಅ’. ಅದೊಂದು ಬೀಳಲಿ, ನೋಡಿ:

‘ಅನ್ಯಾಯ’ ಹೋಗಿ ‘ನ್ಯಾಯ’ ಆಗುತ್ತೆ.
‘ಅಸಮ್ಮತಿ’ ಹೋಗಿ ‘ಸಮ್ಮತಿ’ ಆಗುತ್ತೆ.
‘ಅಪೂರ್ಣ’ ಹೋಗಿ ‘ಪೂರ್ಣ’ ಆಗುತ್ತೆ.
‘ಅಸಿಂಧು’ ಹೋಗಿ ‘ಸಿಂಧು’ ಆಗುತ್ತೆ!

ಕರಾರು ಪತ್ರ ಬರೆಸಿದವರಿಗೆ ಆ ಕೊನೆಯದರ ಬಿಸಿ ಗೊತ್ತು. ಅಸಿಂಧು ಅಂದರೆ ಕಾನೂನಿನ ಮುಂದೆ ನಡೆಯದ್ದು, ಸಿಂಧು ಅಂದರೆ ನಡೆಯುವಂಥದ್ದು. ಯಾವ ಸ್ಪೆಲ್ ಚೆಕ್ಕೂ ಇದನ್ನು ಹಿಡಿಯೋದಿಲ್ಲ, ಯಾಕೆಂದರೆ ಎರಡೂ ಸರಿಯಾದ ಕನ್ನಡ ಪದಗಳೇ. ಕೆಂಪು ಗೆರೆ ಬರಲ್ಲ. ಪ್ರಿಂಟ್ ಬರುತ್ತೆ. ಸಹಿ ಬೀಳುತ್ತೆ.

ನಾವು ಟೈಪಿಸುವ ರೀತಿ ಇನ್ನೂ ಒಂದು ಕಷ್ಟ ಸೇರಿಸುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದರೆ ನುಡಿ ಬಳಸುವವರ ಕೈಗೆ ಕೂತಿರುವ ವಿನ್ಯಾಸದಲ್ಲಿ, ಒತ್ತಕ್ಷರ ಬರಬೇಕಾದರೆ ನಡುವೆ ‘ಎಫ್’ ಒತ್ತಬೇಕು. ‘ಸ್ತ್ರೀ’ ಅನ್ನುವ ಒಂದೇ ಒಂದು ಅಕ್ಷರಕ್ಕೆ ಆರು ಕೀಲಿ: ಎಸ್, ಎಫ್, ಟಿ, ಎಫ್, ಆರ್, ಆಮೇಲೆ ಶಿಫ್ಟ್ ಹಿಡಿದು ಐ. ಆರರಲ್ಲಿ ಒಂದು ತಪ್ಪಿದರೂ ಅಕ್ಷರ ಒಡೆದು ಹೋಗುತ್ತೆ. ಒಂದು ಎಫ್ ತಪ್ಪಿದರೆ ‘ಕನ್ನಡ’ ಹೋಗಿ ‘ಕನನಡ’. ಅದಾದರೂ ಕಣ್ಣಿಗೆ ಕುಕ್ಕುತ್ತೆ, ತಿದ್ದಬಹುದು. ಆದರೆ ದೀರ್ಘ ಒಂದು ತಪ್ಪಿದರೆ ‘ಮಾನ’ ಹೋಗಿ ‘ಮನ’. ಕೊಂಬು ತಪ್ಪಿದರೆ ‘ಮಗು’ ಹೋಗಿ ‘ಮಗ’. ಅದು ಯಾರ ಕಣ್ಣಿಗೆ ಬೀಳಬೇಕು? ನಾವು ಯೋಚನೆ ಮಾಡಿ, ನಿಲ್ಲಿಸಿ, ಮತ್ತೆ ಬರೆಯುವವರು. ಕೀಬೋರ್ಡು ನಿದ್ದೆಗೆ ಜಾರುವುದು ಸರಿಯಾಗಿ ನಾವು ಯೋಚಿಸುವ ಆ ಹೊತ್ತಿನಲ್ಲೇ.

ಕಳೆದ ವರ್ಷ ನಮ್ಮ ಏರಿಯಾದ ಒಂದು ಟೈಪಿಂಗ್ ಅಂಗಡಿಯಲ್ಲಿ ಬಾಡಿಗೆ ಕರಾರು ಮಾಡಿಸೋಕೆ ನಿಂತಿದ್ದೆ. ನನ್ನ ಮುಂದೆ ಒಬ್ಬರು ಹಿರಿಯರು, ಜೊತೆಗೆ ಹೈಸ್ಕೂಲಿನ ಮೊಮ್ಮಗಳು. ಪೌತಿ ಖಾತೆಗೆ ಅರ್ಜಿ ಬರೆಸ್ತಿದ್ದರು. ಅಂಗಡಿಯ ಹುಡುಗ ಪಾಪ ಕೆಲಸದಲ್ಲಿ ಚುರುಕು, ಆದರೆ ಹತ್ತು ನಿಮಿಷದಲ್ಲಿ ಎರಡು ಸಲ ಕೀಬೋರ್ಡನ್ನು ಮಗುಚಿ ಸೆಲ್ಲು ತೆಗೆದು, ಪ್ಯಾಂಟಿಗೆ ಉಜ್ಜಿ, ತಿರುಗಿ ಹಾಕಿದ. ಪ್ರಿಂಟ್ ಕೊಡುವ ಹೊತ್ತಿಗೆ ಆ ಹುಡುಗಿ, ‘ಅಣ್ಣಾ, ನಮ್ಮ ಮುತ್ತಾತನ ಹೆಸರು ರಾಮಯ್ಯ. ನೀವು ರಮಯ್ಯ ಅಂತ ಹೊಡ್ದಿದೀರ’ ಅಂದಳು. ಹುಡುಗ ತಿದ್ದಿದ. ಹಿರಿಯರು ‘ಅಷ್ಟೇನಾ, ಬಿಡಮ್ಮ’ ಅಂದರು.

ಅಷ್ಟೇ ಅಲ್ಲ ಸ್ವಾಮಿ! ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಮರಣ ಪತ್ರದಲ್ಲಿ ಮತ್ತೊಂದು ಅಂತಾದರೆ ‘ಇವರಿಬ್ಬರೂ ಒಬ್ಬರೇ’ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ಟು ಮಾಡಿಸಿ, ನೋಟರಿ ಹತ್ತಿರ ಹೋಗಿ, ಮತ್ತೆ ಕ್ಯೂ ನಿಂತು ಸುತ್ತಾಡಿದವರನ್ನು ಕೇಳಿ ನೋಡಿ. ಒಂದು ದೀರ್ಘದ ಬೆಲೆ ಅವರಿಗೆ ಗೊತ್ತು. ಅಲ್ಲಿ ಓದು ಬಲ್ಲ ಮೊಮ್ಮಗಳು ಇದ್ದಳು. ಇಲ್ಲದವರ ಗತಿ?

‘ಅದು ಟೈಪಿಸುವವರ ಕೈತಪ್ಪು ಯಾಕಾಗಿರಬಾರದು?’ ಅಂತ ನೀವು ಕೇಳಬಹುದು. ಆಗಿರಬಹುದು. ಆದರೆ ವೈರ್ ಕೀಬೋರ್ಡಿನಲ್ಲಿ ತಪ್ಪಾದರೆ ಅದು ಕೈಯದು ಅಂತ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು, ಕೈಯನ್ನು ತಿದ್ದಿಕೊಳ್ಳಬಹುದು. ವೈರ್‌ಲೆಸ್ಸಿನಲ್ಲಿ ತಪ್ಪು ಕೈಯದೋ, ಸೆಲ್ಲಿನದೋ, ಗಾಳಿಯದೋ ಯಾರಿಗೆ ಗೊತ್ತು? ಉಪಕರಣವನ್ನು ಅನುಮಾನಿಸುತ್ತಾ ಟೈಪಿಸುವುದೇ ಒಂದು ಶಿಕ್ಷೆ.

ಈಗ ಆ ಗಾಳಿಯ ವಿಷಯಕ್ಕೆ ಬರೋಣ. ಡಾಂಗಲ್ ಇರುವ ಕೀಬೋರ್ಡು ಮೌಸುಗಳಲ್ಲಿ ಬಹುಪಾಲು ಮಾತಾಡುವುದು 2.4 ಗಿಗಾಹರ್ಟ್ಜ್ ತರಂಗದಲ್ಲಿ. ಬ್ಲೂಟೂತೂ ಅಲ್ಲೇ, ವೈಫೈಯೂ ಅಲ್ಲೇ, ಅಡುಗೆಮನೆಯ ಮೈಕ್ರೋವೇವ್ ಓವನ್ನೂ ಅಲ್ಲೇ. ಲೈಸೆನ್ಸ್ ಬೇಡದ ಜಾಗ ಅಂತ ಎಲ್ಲರೂ ಅಲ್ಲೇ ಬಿಡಾರ ಹೂಡಿದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ವೈಫೈ ಪಟ್ಟಿ ತೆಗೆದು ನೋಡಿ, ಇಪ್ಪತ್ತು ಹೆಸರು ಸಾಲಾಗಿ ಬರುತ್ತವೆ. ಈ ಸಂತೆಯ ನಡುವೆ ನಿಮ್ಮ ಸೆಲ್ಲಿನ ಕೀಬೋರ್ಡು ‘ಎಫ್, ಎಫ್’ ಅಂತ ಪಿಸುಗುಡಬೇಕು. ಸಿಗದಿದ್ದರೆ ಮತ್ತೆ ಕಳಿಸುವ ಏರ್ಪಾಡು ಅದರಲ್ಲಿರುತ್ತೆ, ನಿಜ. ಹಾಗಾಗಿಯೇ ಹೆಚ್ಚಿನ ದಿನ ಕೆಲಸ ನಡೆಯುತ್ತೆ. ಆದರೆ ‘ಹೆಚ್ಚಿನ ದಿನ’ ಸಾಕೇ?

ಇದರಲ್ಲಿ ಒಂದು ತಮಾಷೆಯೂ ಇದೆ. ಯುಎಸ್‌ಬಿ 3.0 ಪೋರ್ಟು ಮತ್ತು ಅದರ ಕೇಬಲ್ಲುಗಳಿಂದ ಹೊರಬೀಳುವ ಗದ್ದಲ ಇದೇ 2.4 ಗಿಗಾಹರ್ಟ್ಜ್ ತರಂಗಕ್ಕೆ ಅಡ್ಡ ಬರುತ್ತೆ ಅಂತ 2012ರಲ್ಲಿ ಇಂಟೆಲ್ ಕಂಪೆನಿಯೇ ಒಂದು ಪ್ರಬಂಧದಲ್ಲಿ ಅಳೆದು ತೋರಿಸಿತು. ಅಂದರೆ ಡಾಂಗಲ್ ಪಕ್ಕದಲ್ಲೇ ಒಂದು ಪೋರ್ಟೆಬಲ್ ಹಾರ್ಡ್ ಡಿಸ್ಕು ಸಿಕ್ಕಿಸಿದರೆ ಮೌಸು ತಡವರಿಸಬಹುದು. ಪರಿಹಾರ? ಡಾಂಗಲ್ಲನ್ನು ಒಂದು ಎಕ್ಸ್‌ಟೆನ್ಷನ್ ಕೇಬಲ್ಲಿಗೆ ಸಿಕ್ಕಿಸಿ ದೂರ ಎಳೆದುಕೊಳ್ಳಿ ಅಂತ! ಅರ್ಥ ಆಯ್ತಲ್ಲ? ವೈರ್‌ಲೆಸ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ವೈರು ಕೊಳ್ಳಬೇಕು. ಇದಕ್ಕಿಂತ ಹೆಚ್ಚಿಗೆ ನಾನೇನು ಹೇಳಲಿ.

ಇನ್ನು ಸೆಲ್ಲಿನ ಪುರಾಣ. ವೈರ್ ಕೀಬೋರ್ಡು ತನಗೆ ಬೇಕಾದ 5 ವೋಲ್ಟನ್ನು ಕಂಪ್ಯೂಟರಿನಿಂದಲೇ ತೆಗೆದುಕೊಳ್ಳುತ್ತೆ. ಅದಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ. ವೈರ್‌ಲೆಸ್ಸಿಗೆ ಮಾತ್ರ ರಾತ್ರಿ ಹನ್ನೊಂದಕ್ಕೆ, ನಾಳೆ ಬೆಳಿಗ್ಗೆ ಕಳಿಸಬೇಕಾದ ಲೇಖನದ ಕೊನೇ ಪ್ಯಾರಾದಲ್ಲಿ ಹಸಿವಾಗುತ್ತೆ. ಆಗ ಗೋಡೆ ಗಡಿಯಾರದ ಸೆಲ್ಲು ಕಿತ್ತು ಇಲ್ಲಿ ಹಾಕುವುದು, ಆಮೇಲೆ ಎರಡು ದಿನ ಮನೆಯಲ್ಲಿ ಒಂದೇ ಟೈಮು. (ನಗಬೇಡಿ, ಎಷ್ಟು ಮನೆಗಳಲ್ಲಿ ಇದು ನಡೆಯುತ್ತೆ ಅಂತ ನನಗೆ ಗೊತ್ತು.)

ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯದ್ದು ಬಂದಿದೆಯಲ್ಲ ಅಂತೀರಾ? ಅದು ಇನ್ನೂ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಸೆಲ್ಲಾದರೆ ಬೀದಿ ಬದಿಯ ಅಂಗಡಿಯಲ್ಲಿ ಸಿಗುತ್ತೆ. ಒಳಗೆ ಅಂಟಿಸಿ ಮುಚ್ಚಿದ ಬ್ಯಾಟರಿ ಕೆಲವು ವರ್ಷಕ್ಕೆ ಸೋಲುತ್ತೆ, ಸೋತ ಮೇಲೆ ಗುಂಡಿಗಳೆಲ್ಲ ಗಟ್ಟಿಮುಟ್ಟಾಗಿದ್ದರೂ ಇಡೀ ಕೀಬೋರ್ಡು ಕಸ. ಆ್ಯಪಲ್ಲಿನ ಮ್ಯಾಜಿಕ್ ಮೌಸು ನೋಡಿ. 2015ರಲ್ಲಿ ಚಾರ್ಜಿಂಗ್ ತೂತನ್ನು ಹೊಟ್ಟೆಯ ಕೆಳಗೆ ಕೊಟ್ಟರು. ಚಾರ್ಜಿಗೆ ಇಟ್ಟರೆ ಮೌಸು ಅಂಗಾತ ಮಲಗಬೇಕು, ಬಳಸುವ ಹಾಗಿಲ್ಲ. ಲೋಕವೆಲ್ಲ ನಕ್ಕಿತು. 2024ರಲ್ಲಿ ತೂತಿನ ನಮೂನೆ ಬದಲಾಯಿಸಿ ಯುಎಸ್‌ಬಿ-ಸಿ ಮಾಡಿದರು. ಜಾಗ ಮಾತ್ರ ಅದೇ, ಹೊಟ್ಟೆಯ ಕೆಳಗೆ!

ನಮ್ಮ ದೇಶದಲ್ಲಿ 2022ರಲ್ಲಿ ಬ್ಯಾಟರಿ ತ್ಯಾಜ್ಯಕ್ಕೂ ಇ-ತ್ಯಾಜ್ಯಕ್ಕೂ ಹೊಸ ನಿಯಮಗಳು ಬಂದವು. ತಯಾರಿಸಿದವರೇ ಹಳೆಯದನ್ನು ವಾಪಸ್ ಸೇರಿಸಿಕೊಳ್ಳುವ ಹೊಣೆ ಹೊರಬೇಕು ಅನ್ನುತ್ತವೆ. ಒಳ್ಳೆಯದೇ. ಆದರೆ ನಿಮ್ಮ ಮನೆಯ ಸತ್ತ ಸೆಲ್ಲು ಈಗ ಎಲ್ಲಿದೆ ಹೇಳಿ? ಒಂದೋ ಡ್ರಾಯರಿನಲ್ಲಿ, ಇಲ್ಲ ಹಸಿ ಕಸದ ಜೊತೆ. ವೈರ್ ಮೌಸಿಗೆ ಹುಟ್ಟಿದಾಗಿನಿಂದ ಸಾಯುವವರೆಗೆ ಒಂದೂ ಸೆಲ್ಲು ಬೇಡ. ಇದಕ್ಕಿಂತ ಸುಲಭವಾದ ಪರಿಸರ ಕಾಳಜಿ ಬೇರೆ ಯಾವುದಿದೆ?

ವೈರು ಕಿತ್ತುಹೋಗಲ್ವಾ? ಹೋಗುತ್ತೆ. ಸಾಮಾನ್ಯವಾಗಿ ಮೌಸಿನ ಕುತ್ತಿಗೆಯ ಹತ್ತಿರ, ಬಾಗಿ ಬಾಗಿ ಒಳಗಿನ ತಂತಿ ತುಂಡಾಗುತ್ತೆ. ಆದರೆ ಆ ವೈರಿನೊಳಗೆ ಇರುವುದು ಸಾಮಾನ್ಯವಾಗಿ ನಾಲ್ಕೇ ನಾಲ್ಕು ಎಳೆ: ಕೆಂಪು, ಕಪ್ಪು, ಬಿಳಿ, ಹಸಿರು. ಎರಡು ಕರೆಂಟಿಗೆ, ಎರಡು ಮಾಹಿತಿಗೆ. ತುಂಡಾದ ಜಾಗ ಕತ್ತರಿಸಿ, ನಾಲ್ಕನ್ನೂ ಮತ್ತೆ ಬೆಸುಗೆ ಹಾಕಿದರೆ ಇಲಿ ಎದ್ದು ಓಡುತ್ತೆ. ರೇಡಿಯೋ ರಿಪೇರಿ ಮಾಡುವ ಯಾವ ಅಂಗಡಿಯಲ್ಲಾದರೂ ಈ ಕೆಲಸ ಆಗುತ್ತೆ. ಅದೇ ಅಗ್ಗದ ವೈರ್‌ಲೆಸ್ಸಿನ ಉಗುರಿನಷ್ಟು ಗಾತ್ರದ ಡಾಂಗಲ್ ಕಳೆದುಹೋದರೆ? ಎಷ್ಟೋ ಮಾಡೆಲ್ಲುಗಳಲ್ಲಿ ಆ ಡಾಂಗಲ್ಲಿಗೂ ಆ ಕೀಬೋರ್ಡಿಗೂ ಫ್ಯಾಕ್ಟರಿಯಲ್ಲೇ ಗಂಟು ಹಾಕಿರುತ್ತಾರೆ. ಒಂದು ಹೋದರೆ ಇನ್ನೊಂದು ವಿಧವೆ. ಎಸ್.ಪಿ. ರೋಡಿನಲ್ಲಿ ಉದ್ದಕ್ಕೂ ಅಲೆದರೂ ಅದರ ಜೋಡಿ ಸಿಗಲ್ಲ.

ಇಷ್ಟೂ ಅನುಕೂಲ ಅನಾನುಕೂಲದ ಮಾತಾಯ್ತು. ಈಗ ಹೇಳುವುದು ಅದಕ್ಕಿಂತ ಗಂಭೀರ.

ವೈರ್‌ಲೆಸ್ ಕೀಬೋರ್ಡು ಅಂದರೆ ಒಂದು ಪುಟ್ಟ ರೇಡಿಯೋ ಸ್ಟೇಷನ್. ನೀವು ಒತ್ತಿದ್ದನ್ನೆಲ್ಲ ಅದು ಪ್ರಸಾರ ಮಾಡುತ್ತೆ. ಪಾಸ್‌ವರ್ಡೂ ಅದರಲ್ಲೇ, ಓಟಿಪಿಯೂ ಅದರಲ್ಲೇ. ಗುಟ್ಟಿನ ಲಿಪಿಯಲ್ಲಿ ಕಳಿಸಿದರೆ ಸರಿ. ಕಳಿಸದಿದ್ದರೆ?

2015ರ ಜನವರಿಯಲ್ಲಿ ಸ್ಯಾಮಿ ಕಾಮ್ಕರ್ ಅನ್ನುವ ಸಂಶೋಧಕ ನೋಡೋಕೆ ಮೊಬೈಲ್ ಚಾರ್ಜರ್ ಥರವೇ ಇರುವ ಒಂದು ಸಾಧನ ಮಾಡಿ ತೋರಿಸಿದ. ಗೋಡೆಗೆ ಸಿಕ್ಕಿಸಿಟ್ಟರೆ ಸಾಕು, ಸುತ್ತಮುತ್ತಲಿನ ಮೈಕ್ರೋಸಾಫ್ಟಿನ ಕೆಲವು ವೈರ್‌ಲೆಸ್ ಕೀಬೋರ್ಡುಗಳಲ್ಲಿ ಒತ್ತಿದ್ದೆಲ್ಲ ಅದಕ್ಕೆ ಕೇಳಿಸುತ್ತಿತ್ತು. ಮರುವರ್ಷ ಅಮೆರಿಕದ ಎಫ್‌ಬಿಐ ಇದರ ಬಗ್ಗೆ ಕಂಪೆನಿಗಳಿಗೆ ಎಚ್ಚರಿಕೆಯನ್ನೇ ಕೊಟ್ಟಿತು. 2016ರ ಫೆಬ್ರವರಿಯಲ್ಲಿ ಬ್ಯಾಸ್ಟಿಲ್ ಅನ್ನುವ ಸಂಸ್ಥೆಯವರು ‘ಮೌಸ್‌ಜ್ಯಾಕ್’ ಬಯಲಿಗೆ ತಂದರು. ಲಾಜಿಟೆಕ್, ಮೈಕ್ರೋಸಾಫ್ಟ್, ಡೆಲ್, ಎಚ್‌ಪಿ, ಲೆನೋವೋ ಇವರೆಲ್ಲರ ಕೆಲವು ಡಾಂಗಲ್ಲುಗಳೂ ಆ ಪಟ್ಟಿಯಲ್ಲಿದ್ದವು. ಅದೇ ವರ್ಷ ಜುಲೈನಲ್ಲಿ ಅವರೇ ‘ಕೀಸ್ನಿಫರ್’ ಅಂತ ಇನ್ನೊಂದು ತಂದರು. ಎಂಟು ಕಂಪೆನಿಗಳ ಅಗ್ಗದ ಕೀಬೋರ್ಡುಗಳು ಒತ್ತಿದ ಅಕ್ಷರವನ್ನು ಯಾವ ಗುಟ್ಟೂ ಇಲ್ಲದೆ, ಬಿಚ್ಚುಬಾಯಿಯಲ್ಲಿ ಗಾಳಿಗೆ ಕೂಗುತ್ತಿದ್ದವು!

‘ನನ್ನ ಮೌಸನ್ನು ಕದ್ದು ಕೇಳಿ ಯಾರಿಗೇನು ಸಿಗುತ್ತೆ?’ ಅಂತ ಕೇಳುವವರಿಗೆ ಮೌಸ್‌ಜ್ಯಾಕೇ ಉತ್ತರ. ಅಲ್ಲಿ ತೊಂದರೆ ಇದ್ದದ್ದು ಕದ್ದು ಕೇಳುವುದರಲ್ಲಿ ಅಲ್ಲ. ಮೌಸಿಗಾಗಿ ಕಿವಿ ತೆರೆದು ಕೂತ ಡಾಂಗಲ್, ದೂರದಿಂದ ಯಾರೋ ‘ನಾನೊಂದು ಕೀಬೋರ್ಡು’ ಅಂತ ಹೇಳಿ ಅಕ್ಷರ ಕಳಿಸಿದರೂ ನಂಬಿಬಿಡುತ್ತಿತ್ತು. ನೂರು ಮೀಟರ್ ದೂರದವರೆಗೂ ಇದು ಸಾಧ್ಯ ಅಂತ ಅವರು ತೋರಿಸಿದರು. ಅಂದರೆ ಎದುರು ಮನೆಯ ಟೆರೇಸಿನಲ್ಲಿ ಕೂತವನು ನಿಮ್ಮ ಕಂಪ್ಯೂಟರಿನಲ್ಲಿ ಟೈಪಿಸಬಹುದು. ಕಂಪೆನಿಗಳು ಕೆಲವಕ್ಕೆ ಪ್ಯಾಚ್ ಬಿಟ್ಟವು. ಆದರೆ ಹೇಳಿ, ನಿಮ್ಮ ಪರಿಚಯದವರಲ್ಲಿ ಮೌಸಿನ ಫರ್ಮ್‌ವೇರ್ ಅಪ್‌ಡೇಟ್ ಮಾಡಿದವರು ಎಷ್ಟು ಜನ?

ಬ್ಲೂಟೂತ್ ಆದರೆ ಸೇಫ್ ಅಂತ ಆಗ ಎಲ್ಲರೂ ಅಂದುಕೊಂಡರು. 2023ರ ಡಿಸೆಂಬರಿನಲ್ಲಿ ಮಾರ್ಕ್ ನ್ಯೂಲಿನ್ (ಮೌಸ್‌ಜ್ಯಾಕ್ ಹುಡುಕಿದವರೂ ಇವರೇ) ಬ್ಲೂಟೂತ್‌ನಲ್ಲೂ ಸುಳ್ಳು ಕೀಬೋರ್ಡು ಜೋಡಿಸಿ ಅಕ್ಷರ ತೂರಿಸಬಹುದು ಅಂತ ತೋರಿಸಿದರು. ಆಂಡ್ರಾಯ್ಡ್, ಲಿನಕ್ಸ್, ಆ್ಯಪಲ್ ಎಲ್ಲದರಲ್ಲೂ ಒಂದಲ್ಲ ಒಂದು ಬಗೆಯಲ್ಲಿ. ಹೊಸ ಆವೃತ್ತಿಗಳಿಗೆ ಪ್ಯಾಚು ಬಂತು, ಹಳೆಯ ಆಂಡ್ರಾಯ್ಡುಗಳಿಗೆ ಬರಲೇ ಇಲ್ಲ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ನೀವೇ ಎತ್ತುತ್ತೀರಿ. ವೈರ್ ಕೀಬೋರ್ಡು ಪೂರ್ತಿ ಮೌನಿ ಅಲ್ಲ. ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿರುವ ಇಪಿಎಫ್‌ಎಲ್ ವಿದ್ಯಾಸಂಸ್ಥೆಯ ಇಬ್ಬರು 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೀಬೋರ್ಡುಗಳಿಂದ ಹೊರಸೂಸುವ ವಿದ್ಯುತ್ಕಾಂತೀಯ ಅಲೆಗಳನ್ನು ಹಿಡಿದು ಇಪ್ಪತ್ತು ಮೀಟರ್ ದೂರದಿಂದಲೂ ಅಕ್ಷರ ಓದಬಹುದು ಅಂತ ತೋರಿಸಿದ್ದಾರೆ. ಆದರೆ ಅವರು ಪರೀಕ್ಷಿಸಿದ್ದರಲ್ಲಿ ವೈರಿನವೂ ಇದ್ದವು, ವೈರ್‌ಲೆಸ್ಸೂ ಇದ್ದವು, ಲ್ಯಾಪ್‌ಟಾಪಿನವೂ ಇದ್ದವು. ಅಂದರೆ ಆ ಕಾಯಿಲೆ ಎಲ್ಲರಿಗೂ ಇದೆ. ವೈರ್‌ಲೆಸ್ಸಿಗೆ ಅದರ ಮೇಲೆ ಇನ್ನೊಂದು. ಇನ್ನು ವೈರಿನ ನಡುವೆ ಕದಿಯುವ ಸಾಧನ ಯಾರಾದರೂ ಸಿಕ್ಕಿಸಿದರೆ, ಬಗ್ಗಿ ನೋಡಿದರೆ ಕಣ್ಣಿಗೆ ಕಾಣುತ್ತೆ. ಗಾಳಿಯಲ್ಲಿ ಕೂತವನನ್ನು ಹೇಗೆ ಬಗ್ಗಿ ನೋಡ್ತೀರಿ?

ಹಾಗೆಯೇ ಎಲ್ಲ ವೈರ್‌ಲೆಸ್ಸೂ ಒಂದೇ ಅಲ್ಲ ಅನ್ನುವುದೂ ನಿಜ. ಲಾಜಿಟೆಕ್‌ನವರು 2021ರಲ್ಲಿ ತಂದ ‘ಬೋಲ್ಟ್’ ಥರದ ಏರ್ಪಾಡುಗಳಲ್ಲಿ ಗುಟ್ಟಿನ ಲಿಪಿ ಚೆನ್ನಾಗಿಯೇ ಇದೆ. ಆದರೆ ಅದಿರುವುದು ದುಬಾರಿ ಮಾಡೆಲ್ಲುಗಳಲ್ಲಿ. ಟೈಪಿಂಗ್ ಅಂಗಡಿಯವರು, ಸೈಬರ್ ಸೆಂಟರಿನವರು ಕೊಳ್ಳುವುದು ಅದನ್ನಲ್ಲ, ಆಫರಿನಲ್ಲಿ ಬಂದದ್ದನ್ನು. ಡಬ್ಬದ ಮೇಲೆ ‘ಸ್ಟೈಲಿಷ್’ ಅಂತ ದೊಡ್ಡದಾಗಿ ಬರೆದಿರುತ್ತೆ. ಗುಟ್ಟಿನ ಲಿಪಿ ಇದೆಯೋ ಇಲ್ಲವೋ ಅನ್ನುವುದು ಎಷ್ಟೋ ಡಬ್ಬಗಳ ಮೇಲೆ ಇರುವುದೇ ಇಲ್ಲ.

ಅದಕ್ಕೇ ನಾನು ಹೇಳೋದು, ಇದು ಬರೀ ನಿಮ್ಮ ನಮ್ಮ ಇಷ್ಟದ ವಿಷಯ ಅಲ್ಲ. ನನ್ನ ಮನೆಯ ಮೇಜಿನ ಮೇಲೆ ನನ್ನ ಗುಟ್ಟನ್ನು ನಾನು ಗಾಳಿಗೆ ತೂರಿದರೆ ಅದು ನನ್ನ ಹಣೆಬರಹ. ಆದರೆ ಸಹಕಾರಿ ಸಂಘದ ಕೌಂಟರಿನಲ್ಲಿ, ಗ್ರಾಮ ಒನ್ ಥರದ ಸೇವಾ ಕೇಂದ್ರಗಳಲ್ಲಿ, ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ, ಶಾಲೆಯ ಆಫೀಸಿನಲ್ಲಿ ಟೈಪಾಗುವುದು ಬೇರೆಯವರ ಗುಟ್ಟು. ಪಿಂಚಣಿಗೆ ಬಂದ ಅಜ್ಜಿಗೆ ಡಾಂಗಲ್ ಅಂದರೇನು ಅಂತ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವರ ಪರವಾಗಿ ಗೊತ್ತಿರಬೇಕಾದವರು ಆ ಕೀಬೋರ್ಡು ಕೊಳ್ಳುವವರು, ಅವರಿಗೆ ಸಲಹೆ ಕೊಡುವವರು. ಅಂದರೆ ನಾವು. ನಮ್ಮೂರಿನಲ್ಲಿ ಯಾರಾದರೂ ಅಂಗಡಿ ತೆರೆಯುತ್ತಿದ್ದರೆ ‘ಯಾವುದು ತಗೊಳ್ಳಲಿ?’ ಅಂತ ಕೇಳುವುದು ನಮ್ಮಂಥವರನ್ನೇ ತಾನೆ?

ಇಷ್ಟೆಲ್ಲ ಬೈದ ಮೇಲೆ ವೈರ್‌ಲೆಸ್ ಯಾರಿಗೂ ಬೇಡ್ವಾ ಅಂದರೆ, ಬೇಕು. ತರಗತಿಯಲ್ಲಿ ಓಡಾಡುತ್ತ ಪಾಠ ಮಾಡುವ ಮೇಷ್ಟ್ರಿಗೆ ಬೇಕು. ಬೆನ್ನುನೋವಿನಿಂದ ಮೇಜಿನ ಮುಂದೆ ಕೂರಲಾಗದೆ ಮಲಗಿ ಬರೆಯುವವರಿಗೆ ಬೇಕು. ಕೈಯ ಚಲನೆ ಕಷ್ಟವಿದ್ದು, ಕೀಬೋರ್ಡನ್ನು ತೊಡೆಯ ಮೇಲೋ ಗಾಲಿಕುರ್ಚಿಯ ತಟ್ಟೆಯ ಮೇಲೋ ಇಟ್ಟುಕೊಳ್ಳಬೇಕಾದವರಿಗೆ ಅದು ವರವೇ ಸರಿ. ಟಿವಿಗೆ ಕಂಪ್ಯೂಟರ್ ಜೋಡಿಸಿದವರಿಗೆ ಬೇಕು. ಆಟ ಆಡುವ ಹುಡುಗರು ವೈರ್‌ಲೆಸ್ ನಿಧಾನ ಅಂತಿದ್ದ ಕಾಲವೂ ಹೋಯಿತು. ಒಳ್ಳೆಯ ಗೇಮಿಂಗ್ ಮೌಸುಗಳು ಈಗ ವೈರಿನಷ್ಟೇ ಚುರುಕು, ಆ ವಾದ ನಾನು ಹೂಡುವುದಿಲ್ಲ. ನನ್ನ ತಕರಾರು ಅಗತ್ಯಕ್ಕೆ ಕೊಳ್ಳುವವರ ಮೇಲಲ್ಲ, ಅಂದಕ್ಕೆ ಕೊಳ್ಳುವವರ ಮೇಲೆ. ಕದಲಬೇಕಾದವರಿಗೆ ವೈರ್‌ಲೆಸ್ ಇರಲಿ. ಕದಲದ ಮೇಜಿಗೆ ಯಾಕೆ?

ಕೊನೆಗೆ, ಬೈಗುಳದ ಜೊತೆ ಸ್ವಲ್ಪ ಉಪಯೋಗವೂ ಇರಲಿ ಅಂತ ನಾಲ್ಕು ಮಾತು.

ವೈರ್ ಕೀಬೋರ್ಡು ಕೊಳ್ಳುವಾಗ ವೈರು ಹೊರಬರುವ ಜಾಗದಲ್ಲಿ ರಬ್ಬರಿನ ಕುತ್ತಿಗೆ ಇದೆಯಾ ನೋಡಿ. ಅದಿದ್ದರೆ ಬೇಗ ತುಂಡಾಗಲ್ಲ. ವೈರು ಬಿಚ್ಚಿ ಬದಲಿಸುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಮೌಸಿನ ವೈರು ಎಳೆದಂತಾಗಿ ಕೈಗೆ ಕಿರಿಕಿರಿಯಾದರೆ, ಒಂದು ಗೇಣು ವೈರು ಸಡಿಲ ಬಿಟ್ಟು ಅದರಾಚೆ ಮೇಜಿಗೆ ಟೇಪು ಹಚ್ಚಿ. ಎಳೆತ ನಿಂತೇ ಹೋಗುತ್ತೆ. ವೈರುಗಳ ಗೋಜಲು ಬೇಜಾರಾದರೆ ಮೇಜಿನ ಹಿಂದೆ ಒಂದು ಕ್ಲಿಪ್ಪು ಹೊಡೆಯಿರಿ. ಐದು ರೂಪಾಯಿಯ ಕ್ಲಿಪ್ಪು ಮಾಡುವ ಕೆಲಸಕ್ಕೆ ರೇಡಿಯೋ ಸ್ಟೇಷನ್ ಬೇಡ.

ವೈರ್‌ಲೆಸ್ಸೇ ಬೇಕು ಅನ್ನುವವರು ಒಳಗೆ ಮುಚ್ಚಿದ ಬ್ಯಾಟರಿಯದ್ದು ಬಿಟ್ಟು ಸೆಲ್ಲು ಹಾಕುವಂಥದ್ದು ತಗೊಳ್ಳಿ, ಚಾರ್ಜ್ ಆಗುವ ಸೆಲ್ಲು ಬಳಸಿ. ಗುಟ್ಟಿನ ಲಿಪಿ ಇದೆಯಾ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪೆನಿಯ ಸೈಟಿನಲ್ಲಿ ನೋಡಿ. ಅಲ್ಲೂ ಇಲ್ಲದಿದ್ದರೆ ಇಲ್ಲ ಅಂತಲೇ ತಿಳಿಯಿರಿ. ಮತ್ತು ಮನೆಯಲ್ಲಿ ಒಂದು ಹಳೇ ವೈರ್ ಕೀಬೋರ್ಡು ಎತ್ತಿಟ್ಟುಕೊಳ್ಳಿ. ಕಂಪ್ಯೂಟರ್ ಕೆಟ್ಟು, ವಿಂಡೋಸೋ ಲಿನಕ್ಸೋ ಶುರುವಾಗುವ ಮುಂಚಿನ ಆ ಕಪ್ಪು ಪರದೆಯಲ್ಲಿ ಏನಾದರೂ ಒತ್ತಬೇಕಾಗಿ ಬಂದರೆ ಬ್ಲೂಟೂತ್ ಕೀಬೋರ್ಡು ಬಹಳ ಸಲ ಕೈ ಕೊಡುತ್ತೆ. ಆಗ ಕೈ ಹಿಡಿಯುವುದು ಇದೇ ಮುದುಕ.

ಅಂಗಡಿ, ಸೊಸೈಟಿ, ಶಾಲೆ ನಡೆಸುವವರು ನಿಮ್ಮ ಪರಿಚಯದಲ್ಲಿದ್ದರೆ ಒಂದು ಮಾತು ಕಿವಿಗೆ ಹಾಕಿ. ಕೌಂಟರಿನ ಮೇಲೆ ವೈರ್ ಕೀಬೋರ್ಡೇ ಇರಲಿ, ಟೈಪಿಸಿದ್ದನ್ನು ಪ್ರಿಂಟ್ ಕೊಡುವ ಮುಂಚೆ ಎದುರು ಕೂತವರಿಗೆ ಒಮ್ಮೆ ಓದಿ ಹೇಳಲಿ. ಎರಡಕ್ಕೂ ಸೇರಿ ಹೆಚ್ಚು ಖರ್ಚಿಲ್ಲ.

ವೈರ್ ಕೀಬೋರ್ಡಿನವರನ್ನು ಕಂಡು ಇನ್ನು ಕನಿಕರ ಪಡಬೇಡಿ. ನನ್ನ ‘ಅನ್ಯಾಯ’ ಅನ್ಯಾಯವಾಗಿಯೇ ನಿಮ್ಮ ಪರದೆ ತಲುಪಬೇಕು, ಅಷ್ಟೇ ನನ್ನ ಆಸೆ. ಅದಕ್ಕೆ ಒಂದೂವರೆ ಮೀಟರ್ ವೈರು ಬೇಕಾದರೆ ಇರಲಿ ಬಿಡಿ.

ವೈರ್‌ಲೆಸ್ ಪಕ್ಷದವರು ಜಗಳಕ್ಕೆ ಬನ್ನಿ, ಬಾಗಿಲು ತೆರೆದೇ ಇದೆ. ಆದರೆ ಟೈಪಿಸುವ ಮುಂಚೆ ಒಂದು ಸಲ ಗುಂಡಿ ಒತ್ತಿ ಕೀಬೋರ್ಡನ್ನು ಎಬ್ಬಿಸಿಕೊಂಡು ಬನ್ನಿ. ಇಲ್ಲದಿದ್ದರೆ ನಿಮ್ಮ ‘ಅಸಮ್ಮತಿ’ ಇಲ್ಲಿಗೆ ಬರುವಷ್ಟರಲ್ಲಿ ‘ಸಮ್ಮತಿ’ ಆಗಿರುತ್ತೆ, ಆಮೇಲೆ ನನ್ನನ್ನು ಬೈಯಬೇಡಿ! ಏನಂತೀರಿ?